ತಿಂದ ಮಿರ್ಚಿ ವಾಪಸ್

ಅಜಯಕುಮಾರನಿಗೆ ತೊಂಬತ್ತು ಎಂಬ ಅಂಕಿಯ ಮೇಲೆ ಬಹಳ ಪ್ರೀತಿ. ಬೆಟಗೇರಿಯ ಯಾವ ಓಣಿಯಲ್ಲಿ ಯಾರು ಎದುರಾಗಿ "ನಿನ್ನ ಆ ಕಂಪ್ಯೂಟರ್ ಕೆಲಸ ಎಲ್ಲೀತನ ಬಂತು?" ಎಂದು ಕೇಳಿದರೂ "ತೊಂಬತ್ತು ಪರ್ಸೆಂಟ್ ಮುಗದೈತ್ರಿ" ಎಂದೇ ಅವನ ಉತ್ತರ. ಹೋದ ದೀಪಾವಳಿಗೂ ತೊಂಬತ್ತಾಗಿತ್ತು, ಯುಗಾದಿಗೂ ತೊಂಬತ್ತೇ ಆಗಿತ್ತು. ಶುಕ್ರವಾರ ಸಂಜೆ ಗದಗಿನ ಮೆಣಸಿನಕಾಯಿ ವರ್ತಕರ ವಾಟ್ಸಾಪ್ ಗುಂಪಿಗೂ ಅದನ್ನೇ ಬರೆದು ಹಾಕಿದ. ಯಾರಾದರೂ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ ಎಂದುಕೊಂಡಿದ್ದ. ಆದರೆ ಗುಂಪಿನ ಹಿರಿಯರಾದ ನಿಜಲಿಂಗಪ್ಪ ಸಾಹುಕಾರರು, "ಹಂಗಾದ್ರ ನಾಳಿ ನಮ್ಮ ಅಂಗಡಿಗೆ ತಂದು ತೋರ್ಸು. ಒಂದ್ ಬಿಲ್ ಸರಿಯಾಗಿ ಆದ್ರ ನಾಳೇನ ಕರಾರು" ಎಂದು ಬರೆದುಬಿಟ್ಟರು. ಸಂಕಟ ಶುರುವಾದದ್ದು ಅಲ್ಲಿಂದ.

ಅವನು ಎರಡು ವರ್ಷದಿಂದ ಕಟ್ಟುತ್ತಿದ್ದುದರ ಹೆಸರು 'ಸರಪಳಿ'. ಬ್ಲಾಕ್‌ಚೈನ್ ಮೇಲೆ ನಡೆಯುವ ಬಿಲ್ಲು ಮತ್ತು ಪಾವತಿಯ ವ್ಯವಸ್ಥೆ. ಅದರಲ್ಲಿ ಒಂದು ಬಿಲ್ಲು ಬರೆದರೆ ಸೇರಿಕೊಂಡ ಎಲ್ಲರ ಫೋನಿಗೂ ಅದರ ಪ್ರತಿ ಹೋಗುತ್ತದೆ. ಕೊಟ್ಟವರು, ಕೊಂಡವರು, ಸಾಕ್ಷಿಯವರು 'ಹೌದು' ಒತ್ತಿದರೆ ಹಣ ತಾನಾಗಿ ಸಂದಾಯವಾಗಿ ಬಿಲ್ಲು ಖಾಯಂ ಆಗುತ್ತದೆ. ಆಮೇಲೆ ಅದನ್ನು ಅಳಿಸಲು ಬರೆದವನಿಂದಲೂ ಆಗದು, ಕಟ್ಟಿದ ಅಜಯಕುಮಾರನಿಂದಲೂ ಆಗದು. ಈ ಕೊನೆಯ ಗುಣದ ಬಗ್ಗೆ ಅವನಿಗೆ ವಿಶೇಷ ಹೆಮ್ಮೆ ಇತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಅನುರಾಧಾ ಚಹಾದ ಕಪ್ಪು ಕೈಗಿಟ್ಟು ಸಮಾಧಾನದಿಂದಲೇ ಹೇಳಿದಳು.

"ಸಂಜಿಕ ನಮ್ಮ ಅಣ್ಣ ಗದಗಿಗೆ ಬರಾಕತ್ತಾನ. ಇವತ್ತ ಕರಾರ ಆದ್ರ ಭಾಳ ಚಲೋ. ಆಗಲಿಲ್ಲಂದ್ರ ಅವನ ಜೋಡಿ ಲಕ್ಷ್ಮೇಶ್ವರಕ್ಕ ಹೋಗಿ ಅಂಗಡ್ಯಾಗ ಕುಂಡ್ರಿ. ಎರಡು ವರ್ಷ ನನ್ನ ಪಗಾರದಾಗ ಮನಿ ನಡೀತು, ನಾ ಏನರ ಅಂದೀನೇನು?"

ಅವಳು ಏನೂ ಅಂದಿರಲಿಲ್ಲ, ಅದು ಖರೆ. ಅವನು ಚಹಾ ಮುಗಿಸಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡ. ಅವಳ ಅಣ್ಣ ಗೋವಿಂದಪ್ಪನದು ಸ್ಟೀಲ್ ಭಾಂಡೆ ಅಂಗಡಿ. ಅಲ್ಲಿ ಖಾಲಿ ಇದ್ದ ಕೆಲಸವೆಂದರೆ ಗಿರಾಕಿಗಳು ಕೊಂಡ ತಾಟು, ತಂಬಿಗೆ, ಡಬ್ಬಿಗಳ ಮೇಲೆ ಗುಂಯ್‌ಗುಡುವ ಯಂತ್ರ ಹಿಡಿದು ಹೆಸರು ಕೊರೆಯುವುದು. ಜಗತ್ತಿನ ವ್ಯಾಪಾರವನ್ನೇ ಬದಲಿಸಲು ಹೊರಟವನು ಕುಕ್ಕರಿನ ಮುಚ್ಚಳದ ಮೇಲೆ ಮದುವೆಯ ತಾರೀಖು ಕೊರೆಯುತ್ತ ಕೂರುವುದನ್ನು ನೆನೆಸಿಕೊಂಡರೇ ಅವನ ಹಲ್ಲು ಜುಮ್ಮೆನ್ನುತ್ತಿತ್ತು.

ಸ್ಕೂಟರ್ ಹೊರಗೆ ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಮಲ್ಲವ್ವ ಅಡ್ಡ ಬಂದು ನಿಂತಳು. ಮಗ್ಗ ಬಿಟ್ಟು ಎದ್ದು ಬಂದಿದ್ದಳು. "ಇವತ್ತ ನಿನ್ನ ಪರೀಕ್ಷಾ ಅಂತಲ್ಲೋ. ಅನುರಾಧಾ ಹೇಳಿದ್ಲು. ದೇವರು ಚಲೋ ಮಾಡ್ತಾನ, ಹೋಗು. ಹೋಗೂಕಿಂತ ಮೊದಲ ಇದನ್ನೊಂದೀಟು ನೋಡಿ ಹೋಗು, ಫೋನ್ ದನಿ ಬರವಲ್ದು." ದನಿ ಬಂದ ಮೇಲೆ ಗ್ಯಾಸ್ ಬುಕ್ ಮಾಡಿಸಿದಳು. ಗ್ಯಾಸ್ ಬುಕ್ ಆದ ಮೇಲೆ ಮಗಳ ಫೋಟೋ ದೊಡ್ಡದು ಮಾಡಿಸಿದಳು. ಅಜಯಕುಮಾರ ಗದಗ ಮುಟ್ಟುವ ಹೊತ್ತಿಗೆ ಹೇಳಿದ ಸಮಯ ದಾಟಿಹೋಗಿತ್ತು.

ನಿಜಲಿಂಗಪ್ಪನವರ ಅಂಗಡಿಯಲ್ಲಿ ಡೋಣಿ ಊರಿನ ಕಡೆಯಿಂದ ಬಂದ ಮೆಣಸಿನಕಾಯಿ ಚೀಲಗಳು ಮಾಳಿಗೆಯವರೆಗೆ ಏರಿದ್ದವು. ಗಾದಿಯ ಮೇಲೆ ಸಾಹುಕಾರರು, ಅವರ ಎಡಬಲಕ್ಕೆ ಮುತ್ತಣ್ಣ ಮತ್ತು ಫಕ್ರುಸಾಬ. ಮೂವರೂ ಮೆಣಸಿನಕಾಯಿ ವ್ಯಾಪಾರದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಅಜಯಕುಮಾರ ಎರಡು ಸಲ ಸೀನಿ, ಮೂವರ ಫೋನಿನಲ್ಲೂ ಸರಪಳಿಯನ್ನು ಹಾಕಿಕೊಟ್ಟ.

"ನಮ್ಮ ಸೊಸಿ ಶೈಲಾನ ನಂಬರೂ ಹಾಕು" ಎಂದರು ನಿಜಲಿಂಗಪ್ಪ ಜಂಬದಿಂದ. "ಅಂಗಡಿ ಲೆಕ್ಕ ಎಲ್ಲಾ ಮನ್ಯಾಗ ಕುಂತ ಆಕೀನ ನೋಡತಾಳ. ಬಿ.ಕಾಂ. ಮಾಡ್ಯಾಳ."

ಸಾಹುಕಾರರ ಮನೆಯವರ ನಂಬರು ಸೇರಿದ ಮೇಲೆ ಉಳಿದವರು ಹಿಂದೆ ಬೀಳುವುದುಂಟೇ. ಮುತ್ತಣ್ಣ ತನ್ನ ಹೆಂಡತಿಯ ನಂಬರು ಹಾಕಿಸಿದ. ಫಕ್ರುಸಾಬ ತನ್ನ ಬೀಬಿ ಅಲ್ಮಾಸಬಿಯದನ್ನು ಹಾಕಿಸಿದ.

ಅಜಯಕುಮಾರ ಗಂಟಲು ಸರಿ ಮಾಡಿಕೊಂಡು ವಿವರಿಸಿದ. "ಮನ್ಯಾಗ ಹೆಣ್ಣಿನ ನಿಶ್ಚಯ ಮಾಡ್ತೀವಲ್ರಿ, ಹಂಗ ಇದು. ಐದು ಮಂದಿ ಹಿರ್ಯಾರ ಮುಂದ ಎಲಿ-ಅಡಿಕಿ ಹಿಡದ ಮ್ಯಾಲ ನಾ ಒಲ್ಲೆ ಅನ್ನಾಕ ಬರಂಗಿಲ್ಲ. ಇದರಾಗೂ ಎಲ್ಲಾರ ಮುಂದ ಮಾತಾಗತೈತಿ, ಎಲ್ಲಾರ ಹತ್ರಾನೂ ಕಾಪಿ ಇರತೈತಿ."

"ಎಲ್ಲಾರ ಹತ್ರ ಅಂದ್ರ" ಎಂದ ಮುತ್ತಣ್ಣ, "ನಾ ಫಕ್ರುಸಾಬಗ ಏನ್ ದರ ಹಚ್ಚೀನಿ ಅನ್ನೋದು ಸಾಹುಕಾರ್ರಿಗೂ ಕಾಣತೈತೇನು?"

"ಕಾಣತೈತ್ರಿ. ಅದ ಇದರ ವಿಶೇಷ."

ಮೂವರೂ ಫೋನನ್ನು ಗಾದಿಯ ಮೇಲೆ ಬೋರಲು ಹಾಕಿದರು. ವ್ಯಾಪಾರದ ದರವೆಂದರೆ ಇವರಿಗೆ ವಲ್ಲಿಯ ಕೆಳಗಿನ ಮಾತು. ಹೆಗಲ ಮೇಲಿನ ವಲ್ಲಿ ವಸ್ತ್ರವನ್ನು ಇಬ್ಬರ ಕೈಮೇಲೆ ಹೊದಿಸಿ, ಒಳಗೆ ಬೆರಳು ಒತ್ತಿ ದರ ಹೇಳಿ, ಹೊರಗೆ ಮಳೆ ಬೆಳೆ ಮಾತಾಡುತ್ತ ಕೂತವರು ಅವರು. ಈಗ ಮಾರುಕಟ್ಟೆಯಲ್ಲಿ ಆ ಪದ್ಧತಿ ಹೋಗಿದ್ದರೂ ಕೈಗಳು ಮರೆತಿರಲಿಲ್ಲ. ಒಂದು ಬಿಲ್ಲಾದರೂ ಮಾಡಿ ತೋರಿಸಿ ಎಂದು ಅಜಯಕುಮಾರ ಗೋಗರೆದಾಗ ಮುತ್ತಣ್ಣ ಫೋನಿನ ಮೇಲೆಯೇ ವಲ್ಲಿ ಹೊದಿಸಿದ. ಫಕ್ರುಸಾಬನ ಕೈಯೂ ಒಳಗೆ ಹೋಯಿತು. ಇಬ್ಬರೂ ಚಾವಣಿ ನೋಡುತ್ತ ಒತ್ತಿದರು, ಜಾರಿಸಿದರು, ತಲೆಯಾಡಿಸಿದರು. ಕೊನೆಗೆ ವಲ್ಲಿ ತೆಗೆದು ನೋಡಿದರೆ ಬಿಲ್ಲಿನ ಸುಳಿವಿಲ್ಲ. ಯಾರದೋ ಎರಡು ಬೆರಳಿನ ಗೆಣ್ಣುಗಳ ಫೋಟೋ ಬಿದ್ದು, ಅದು ವರ್ತಕರ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಹುಲಕೋಟಿಯ ಕಡೆಯ ವರ್ತಕರೊಬ್ಬರು ಅದು ಶುಂಠಿ ಎಂದು ತಿಳಿದು ದರ ಕೇಳಿದ್ದರು.

ಮಧ್ಯಾಹ್ನ ಜಾರಿತು. ಮೂವರಲ್ಲಿ ಯಾರೂ ತಮ್ಮ ದರ ಬಿಚ್ಚಲು ಸಿದ್ಧರಿರಲಿಲ್ಲ. "ಮೊದಲ ನೀವ ಮಾಡ್ರಿ", "ಹಿರ್ಯಾರು ನೀವಿರಾಗ ನಾ ಹೆಂಗ" ಎನ್ನುವುದರಲ್ಲೇ ಹೊತ್ತು ಹೋಯಿತು. ಅಜಯಕುಮಾರನ ಕಿವಿಯಲ್ಲಿ ಆಗಲೇ ಗುಂಯ್ ಎಂಬ ಯಂತ್ರ ಶುರುವಾಗಿತ್ತು.

ಅವನನ್ನು ಆ ಹೊತ್ತಿಗೆ ಕಾಪಾಡಿದವಳು ಗದಿಗೆವ್ವ. ಮಾರುಕಟ್ಟೆಯ ಮೂಲೆಯಲ್ಲಿ ಮಿರ್ಚಿ ಗಾಡಿ ಇಟ್ಟುಕೊಂಡವಳು, ಸಾಹುಕಾರರು ಹೇಳಿ ಕಳಿಸಿದ್ದರಿಂದ ಬಿಸಿ ಮಿರ್ಚಿ ಭಜಿ, ಮಂಡಕ್ಕಿಯ ಗಿರಮಿಟ್, ಚಹಾ ಹೊತ್ತು ತಂದಿದ್ದಳು. ಕರಿದ ಕಡಲೆ ಹಿಟ್ಟಿನ ವಾಸನೆ ಬಂದದ್ದೇ ಮೂವರ ಮುಖ ಅರಳಿತು. ತಿನ್ನುತ್ತ ತಿನ್ನುತ್ತ ಮುತ್ತಣ್ಣನಿಗೆ ಹೊಳೆಯಿತು.

"ಇಕಿ ಕೈಗುಣ ಚಲೋ ಐತಿ. ಬೋಣಿ ಇಕೀದ ಆಗಲಿ. ಮಿರ್ಚಿ ದರದಾಗ ಏನ್ ಗುಟ್ಟ ಐತಿ, ಊರಿಗೇ ಗೊತ್ತೈತಿ."

ಎಲ್ಲರಿಗೂ ಒಪ್ಪಿಗೆಯಾಯಿತು. ಅಜಯಕುಮಾರ ಗದಿಗೆವ್ವನ ಫೋನಿಗೂ ಸರಪಳಿ ಹಾಕಿ ಬಿಲ್ಲು ತೆರೆದ. ಅವನ ಸರಪಳಿ ಅಚ್ಚುಕಟ್ಟಿನದು, ಯಾರು ಏನು ಎಷ್ಟು ತೆಗೆದುಕೊಂಡರು ಎಂಬುದನ್ನು ಬಿಡದೆ ಕೇಳುತ್ತದೆ. ನಿಜಲಿಂಗಪ್ಪ, ಮಿರ್ಚಿ ಆರು. ಮುತ್ತಣ್ಣ, ಮಿರ್ಚಿ ಐದು, ಗಿರಮಿಟ್ ಒಂದು. ಫಕ್ರುಸಾಬ, ಮಿರ್ಚಿ ನಾಲ್ಕು, ಸಕ್ಕರೆ ಜಾಸ್ತಿ ಚಹಾ ಎರಡು. ಎಲ್ಲರೂ ಎಣ್ಣೆಗೈಯಲ್ಲೇ 'ಹೌದು' ಒತ್ತಿದರು. ಗದಿಗೆವ್ವನ ಫೋನು ಹಣ ಬಂದಿದೆ ಎಂದು ಕೂಗಿತು. "ಬಿಲ್ ಖಾಯಂ ಆಗಿದೆ" ಎಂದು ಎಲ್ಲ ಫೋನುಗಳೂ ಒಟ್ಟಿಗೆ ನುಡಿದವು. ಎರಡು ವರ್ಷದ ಕೆಲಸ ಮೊದಲ ಸಲ ನಡೆದು ತೋರಿಸಿತ್ತು. ಅಜಯಕುಮಾರನಿಗೆ ಕಣ್ಣು ತುಂಬಿ ಬಂತು. ಮೆಣಸಿನಕಾಯಿ ಘಾಟು ಎಂದು ಹೇಳಿ ಒರೆಸಿಕೊಂಡ.

"ಆತಪಾ, ನೀ ಗೆದ್ದಿ" ಎಂದರು ನಿಜಲಿಂಗಪ್ಪ. "ಕರಾರಿನ ಕಾಗದಾ ತಗಿ."

ಕಾಗದ ಬಿಚ್ಚುವಷ್ಟರಲ್ಲಿ ಸಾಹುಕಾರರ ಫೋನು ಬಡಿದುಕೊಂಡಿತು. ಶೈಲಾ. ಅವರು ಎದ್ದು ನಿಂತೇ ಮಾತಾಡಿದರು. "ಇಲ್ಲವಾ... ನಾ ಎಲ್ಲಿ ತಿಂದೆ... ಅದು ಸುಮ್ಮ ಟೆಸ್ಟಿಂಗ್..." ಎನ್ನುತ್ತ ಬಣ್ಣಗೆಟ್ಟು ಕೂತರು. ಹೋದ ತಿಂಗಳಷ್ಟೇ ಡಾಕ್ಟರು ಅವರಿಗೆ ಎಣ್ಣೆಯ ಪದಾರ್ಥ ಮುಟ್ಟಬಾರದೆಂದು ತಾಕೀತು ಮಾಡಿದ್ದರು. ಮುತ್ತಣ್ಣನಿಗೂ ಆಗ ನೆನಪಾಯಿತು, ಅಂದು ಶನಿವಾರದ ಒಪ್ಪತ್ತು, ಮನೆಯಲ್ಲಿ ಹೆಂಡತಿ ಉಪವಾಸದ ಗಂಡನಿಗಾಗಿ ಅವಲಕ್ಕಿ ನೆನೆಹಾಕಿ ಕಾಯುತ್ತಿದ್ದಳು. ಫಕ್ರುಸಾಬನಿಗೆ ಸಕ್ಕರೆ ಕಾಯಿಲೆ. ಮೂರೂ ಮನೆಯಲ್ಲಿ ಫೋನು ಆ ಬಿಲ್ಲನ್ನು ಗಟ್ಟಿಯಾಗಿ ಓದಿ ಹೇಳಿತ್ತು.

"ಅಳಸಲೇ ಅದನ್ನ, ಜಲ್ದಿ" ಎಂದರು ಸಾಹುಕಾರರು.

"ಅಳಸಾಕ ಬರಂಗಿಲ್ರಿ."

"ಇನ್ನಾ ಹತ್ತು ಪರ್ಸೆಂಟ್ ಬಾಕಿ ಐತಿ ಅಂದಿದ್ದೆಲ್ಲ, ಅದರಾಗ ಅಳಸೋದನ್ನ ಹಾಕು."

ಅಜಯಕುಮಾರ ಬೆವರು ಒರೆಸಿಕೊಂಡು ಯೋಚಿಸಿದ. ಬಿಲ್ಲು ಅಳಿಸಲು ಆಗದಿದ್ದರೂ ಸರಕು ಹಿಂದಿರುಗಿದರೆ ವಾಪಸಾತಿಯ ಬಿಲ್ಲು ಹಾಕಲು ದಾರಿ ಇತ್ತು. ಅದಕ್ಕೆ ಮಾರಿದವರು ಒಪ್ಪಬೇಕು. ಗದಿಗೆವ್ವ ಸೊಂಟದ ಮೇಲೆ ಕೈ ಇಟ್ಟಳು.

"ತಿಂದ ಮಿರ್ಚಿ ನಾ ಹೆಂಗ ವಾಪಸ್ ತಗೊಳ್ಳೆಪಾ?"

"ಬರೇ ಬರವಣಿಗ್ಯಾಗ ಬೇ. ಬಿಲ್ಲಿನ ರೊಕ್ಕ ಕೈಯಾಗ ಕೊಡತೀವಿ" ಎಂದ ಅಜಯಕುಮಾರ.

"ಹಂಗಂದ್ರ ಒತ್ತತೀನಿ" ಎಂದು ಅವಳು ಒತ್ತಿದಳು. ಎಲ್ಲ ಫೋನುಗಳಿಗೂ ಹೊಸ ಬಿಲ್ಲು ಹೋಯಿತು. ನಿಜಲಿಂಗಪ್ಪ, ಮಿರ್ಚಿ ಆರು, ವಾಪಸ್. ಮುತ್ತಣ್ಣ, ಮಿರ್ಚಿ ಐದು, ಗಿರಮಿಟ್ ಒಂದು, ವಾಪಸ್. ಫಕ್ರುಸಾಬ, ಮಿರ್ಚಿ ನಾಲ್ಕು, ಚಹಾ ಎರಡು, ವಾಪಸ್. ಇನ್ನು ಚಿಂತೆಯಿಲ್ಲ ಎಂದು ಮೂವರೂ ಗಾದಿಗೆ ಒರಗಿದರು.

ಸ್ವಲ್ಪ ಹೊತ್ತಿಗೆ ಹೊರಗೆ ಸ್ಕೂಟಿಯೊಂದು, ಆಟೋ ಒಂದು ಒಟ್ಟಿಗೆ ಬಂದು ನಿಂತವು. ಸ್ಕೂಟಿಯಿಂದ ಶೈಲಾ ಇಳಿದಳು, ಆಟೋದಿಂದ ಮುತ್ತಣ್ಣನ ಹೆಂಡತಿ ಮತ್ತು ಅಲ್ಮಾಸಬಿ. ಒಬ್ಬಳ ಕೈಯಲ್ಲಿ ಉಪ್ಪು-ಸಕ್ಕರೆಯ ನೀರು, ಇನ್ನೊಬ್ಬಳ ಕೈಯಲ್ಲಿ ನಿಂಬೆಹಣ್ಣು.

"ಮಾವಾರ, ಎಷ್ಟ ಸಲ ಆತ್ರಿ ವಾಂತಿ?" ಎಂದಳು ಶೈಲಾ ಗಾಬರಿಯಿಂದ. "ಆರೂ ವಾಪಸ್ ಅಂತ ಬಂತು, ನನ್ನ ಜೀವಾನ ಹೋದಂಗಾತು."

ವಾಂತಿ ಆಗಿಲ್ಲ ಎಂದರೆ ಮಿರ್ಚಿ ಹೊಟ್ಟೆಯಲ್ಲೇ ಇದೆ ಎಂದಾಗುತ್ತದೆ. ಆಗಿದೆ ಎಂದರೆ ದವಾಖಾನೆಗೆ ನಡೆಯಬೇಕಾಗುತ್ತದೆ. ಸಾಹುಕಾರರು ಎರಡೂ ಬೇಡವೆಂದು ಮೂರನೆಯ ದಾರಿ ಹಿಡಿದರು. "ಈ ಹುಡುಗನ ಮಷೀನ್ ಸುಳ್ಳ ಹೇಳತೈತಿ ನೋಡವಾ. ನಾವು ಬರೇ ನೀರ ಕುಡದೀವಿ." ಮುತ್ತಣ್ಣನೂ ಫಕ್ರುಸಾಬನೂ ಗೋಣು ಹಾಕಿದರು. ಮೂವರೂ ಅಜಯಕುಮಾರನತ್ತ ನೋಡಿದ ನೋಟದಲ್ಲಿ ಕರಾರು ಬೇಕಿದ್ದರೆ ಹೌದೆನ್ನು ಎಂಬುದು ಸ್ಪಷ್ಟವಾಗಿತ್ತು.

ಅಜಯಕುಮಾರ ಬಾಯಿ ತೆರೆದ. ಹೌದು ಎಂದರೆ ಭಾಂಡೆ ಅಂಗಡಿ ತಪ್ಪುತ್ತಿತ್ತು. ಆದರೆ ಎರಡು ವರ್ಷ ಹೆಂಡತಿಯ ಪಗಾರದಲ್ಲಿ ಉಂಡು ಕಟ್ಟಿದ್ದನ್ನು ಸುಳ್ಳೆನ್ನಲು ನಾಲಿಗೆ ಹೊರಳಲಿಲ್ಲ.

"ಮಷೀನ್ ಸುಳ್ಳ ಹೇಳಂಗಿಲ್ರಿ ಅಕ್ಕಾರ" ಎಂದ. "ತಿಂದದ್ದು ಖರೆ. ವಾಪಸ್ ಅನ್ನೋದು ನಾವು ಬರದದ್ದು."

ನಿಜಲಿಂಗಪ್ಪ ಕರಾರಿನ ಕಾಗದವನ್ನು ಮಡಚಿ ಗಾದಿಯ ಕೆಳಗೆ ತುರುಕಿದರು. ಮುಗಿಯಿತು ಎಂದುಕೊಂಡು ಅಜಯಕುಮಾರ ಲ್ಯಾಪ್‌ಟಾಪು ಮುಚ್ಚಲು ಹೋದಾಗ ಶೈಲಾ ತಡೆದಳು. ಫೋನನ್ನು ಮೇಲೆ ಕೆಳಗೆ ಜಾರಿಸಿ ನೋಡಿದಳು. ಉಳಿದಿಬ್ಬರೂ ಅವಳ ಭುಜದ ಮೇಲಿಂದ ಇಣುಕಿದರು.

"ಒಮ್ಮಿ ಬರದ್ರ ಯಾರಿಂದಲೂ ಅಳಸಾಕ ಆಗಂಗಿಲ್ಲೇನ್ರಿ?"

"ಆಗಂಗಿಲ್ರಿ."

"ಸಾಹುಕಾರ್ರ ಹೇಳಿದ್ರೂ?"

"ಯಾರ ಹೇಳಿದ್ರೂ ಇಲ್ರಿ."

"ಇಂಥಾದ್ದೊಂದು ಯಾವಾಗ ಬಂದೀತು ಅಂತ ಕಾಯಾಕತ್ತಿದ್ವಿ ನೋಡ್ರಿ" ಎಂದಳು ಅಲ್ಮಾಸಬಿ.

ಅಂಗಡಿಯ ಲೆಕ್ಕದ ಕೀಲಿ ಶೈಲಾಳ ಕೈಯಲ್ಲಿತ್ತು. ಮೂವರೂ ಹೆಂಗಸರು ಮೂಲೆಯಲ್ಲಿ ನಿಂತು ಪಿಸುಗುಟ್ಟಿ ಬಂದರು. ಒಂದು ವರ್ಷದ ಕರಾರು, ತಿಂಗಳು ತಿಂಗಳು ಪಗಾರ, ಇವತ್ತಿನಿಂದಲೇ ಶುರು ಎಂದಳು ಶೈಲಾ. ಕಾಗದವೂ ಬೇಡ, ಅವನ ಸರಪಳಿಯಲ್ಲೇ ಬರೆದು ಕಳಿಸಿದಳು. ಹೆಂಗಸರು ಒತ್ತಿದರು, ಗದಿಗೆವ್ವ ಒತ್ತಿದಳು, ಸೊಸೆ ನೋಡಿದ ನೋಟಕ್ಕೆ ಗಂಡಸರೂ ಒತ್ತಿದರು. ಅಜಯಕುಮಾರ ಮೈಮೇಲೆ ಎಚ್ಚರವಿಲ್ಲದ ಸಂತೋಷದಲ್ಲಿ ಎಲ್ಲರಿಗಿಂತ ಮೊದಲೇ ಒತ್ತಿದ್ದ. "ಕರಾರು ಖಾಯಂ ಆಗಿದೆ" ಎಂದು ಫೋನು ನುಡಿದ ಮೇಲೆ ಅದನ್ನು ಓದಿದ.

ಗದಿಗೆವ್ವನಿಗೆ ಕರಿಯುವ ಗಡಿಬಿಡಿಯಲ್ಲಿ ಫೋನು ಒತ್ತಲು ಪುರಸೊತ್ತು ಇರುವುದಿಲ್ಲವಾದ್ದರಿಂದ, ಅಜಯಕುಮಾರನೇ ದಿನಾ ಮಧ್ಯಾಹ್ನದಿಂದ ಗಾಡಿ ಎತ್ತುವವರೆಗೆ ಅವಳ ಪಕ್ಕದಲ್ಲಿ ಕೂತು, ಮಾರುಕಟ್ಟೆಯ ಯಾವ ವರ್ತಕರು ಎಷ್ಟು ಮಿರ್ಚಿ ತಿಂದರೆಂದು ಬರೆಯತಕ್ಕದ್ದು ಎಂದಿತ್ತು. ಮೆಣಸಿನಕಾಯಿ ಚೀಲಗಳ ಬಿಲ್ಲಿನ ಮಾತೇ ಇರಲಿಲ್ಲ. ಅದು ಮೊದಲಿನಂತೆ ನಡೆಯಲಿ, ಅದರಲ್ಲೇನೂ ತೊಂದರೆಯಿಲ್ಲ ಎಂದಳು ಶೈಲಾ.

ಸಂಜೆ ಭಾಂಡೆ ಅಂಗಡಿಯ ಗೋವಿಂದಪ್ಪ ಹುಡುಕಿಕೊಂಡು ಮಾರುಕಟ್ಟೆಗೆ ಬಂದಾಗ ಅಜಯಕುಮಾರ ಮಿರ್ಚಿ ಗಾಡಿಯ ಪಕ್ಕ ಡಬ್ಬಿಯೊಂದನ್ನು ಬೋರಲು ಹಾಕಿ ಕೂತಿದ್ದ. ಹೊಗೆಗೆ ಕಣ್ಣು ಕೆಂಪಾಗಿದ್ದರೂ ಮುಖದಲ್ಲಿ ಗೆಲುವಿತ್ತು. ಗದಿಗೆವ್ವ ಆಗಾಗ ಅವನ ಕೈಗೆ ಒಂದು ಬಿಸಿ ಮಿರ್ಚಿ ಇಡುತ್ತಿದ್ದಳು. ಆ ಕಡೆ ಕಟ್ಟೆಯ ಮೇಲೆ ಮೂವರು ಹಿರಿಯರು ಕೂತು ಬಾಣಲೆಯತ್ತಲೇ ನೋಡುತ್ತಿದ್ದರು.

"ಕರಾರ ಆತಂತಲ್ರಿ, ತಂಗಿ ಫೋನ್ ಮಾಡಿದ್ಲು" ಎಂದ ಗೋವಿಂದಪ್ಪ. "ಪಗಾರ ಎಷ್ಟು?"

ಅಜಯಕುಮಾರ ಹೇಳಿದ. ಗೋವಿಂದಪ್ಪ ಅದನ್ನು ಮನಸ್ಸಿನಲ್ಲೇ ತೂಗಿದ. ತಾನು ಕೊಡಬೇಕೆಂದಿದ್ದದ್ದೂ ಅಷ್ಟೇ. ಅವನು ಬಾಣಲೆಯನ್ನು ನೋಡಿದ, ಹೊಗೆ ನೋಡಿದ, ಬೋರಲು ಹಾಕಿದ ಡಬ್ಬಿಯನ್ನೂ ನೋಡಿದ.

"ಆತು, ಕೆಲಸ ಯಾವುದಾದ್ರೇನು, ಕೆಲಸಾನ" ಎಂದ. "ಆದ್ರ ನಮ್ಮ ಅಂಗಡ್ಯಾಗ ತಲಿ ಮ್ಯಾಲ ಫ್ಯಾನ್ ಆದ್ರೂ ಇತ್ತು."