ವಿಟ್‌ಕಾಂಬ್ ಫೌಂಡೇಶನ್ನಿನ ಕುಂಟು ಕುರ್ಚಿ

ಸೋಮವಾರ ಬೆಳಿಗ್ಗೆ ಓರ್ವಿಲ್ ಟೀಬೋನ ಕುರ್ಚಿಯ ಹಿಂಗಾಲು ಮತ್ತೆ ಮುರಿಯಿತು. ಮಗುಚಿದ ಆಮೆಯ ಹಾಗೆ ಅವನು ಕಾಲಾಡಿಸುತ್ತ ಬಿದ್ದ. ಮೊದಲೇ ಸೊಂಟನೋವಿನ ಮನುಷ್ಯ. ಹತ್ತು ನಿಮಿಷ ನಿಂತರೆ ಸಾಕು, ಸೊಂಟ ಹಿಡಿದುಕೊಳ್ಳುತ್ತಿತ್ತು.

ಅಮೆರಿಕದ ವರ್ಮಾಂಟ್ ರಾಜ್ಯದ ಪುಟ್ಟ ಊರಲ್ಲಿರುವ ವಿಟ್‌ಕಾಂಬ್ ಕುಟುಂಬದ ಫೌಂಡೇಶನ್ನಿಗೆ ಅವನು ಗುಮಾಸ್ತ. ಕಾರ್ಮಿಕ ಸಂಘ, ಬಾಡಿಗೆದಾರರ ಹೋರಾಟ, ಮತದಾರರ ಹಕ್ಕು, ಎಲ್ಲಿ ನ್ಯಾಯಕ್ಕೆ ಕೊರತೆಯೋ ಅಲ್ಲಿಗೆಲ್ಲ ಇಲ್ಲಿಂದ ಹಣ ಹೋಗುತ್ತಿತ್ತು. ಅವನ ಮೇಜಿನವರೆಗೆ ಮಾತ್ರ ಬಂದಿರಲಿಲ್ಲ.

"ನಂಗೊಂದು ಕುರ್ಚಿ ಬೇಕು ನದೀನ್," ಎಂದ. ನದೀನ್ ಕಾರ್ಮಿಕರ ಅರ್ಜಿಗಳನ್ನು ನೋಡುವವಳು.

"ಕುರ್ಚಿ ಅಂತ ಕೇಳ್ಬೇಡ ಮಾರಾಯ! ಇದು ದುಡಿಯೋರ ಘನತೆಯ ಪ್ರಶ್ನೆ."

"ನಂದು ಸೊಂಟದ ಪ್ರಶ್ನೆ ಕಣೆ."

"ಈ ವಿಟ್‌ಕಾಂಬ್ ಮನೆಯವರು ಅರ್ಜಿ ಬಿಟ್ರೆ ಬೇರೇನೂ ಓದಲ್ಲ. ನಾನು ಬರೀತೀನಿ, ನೀನು ಸುಮ್ನಿರು."

ಊಟದ ಹೊತ್ತಿಗೆ ಅರ್ಜಿ ಹನ್ನೊಂದು ಪುಟವಾಗಿತ್ತು. ಪಕ್ಕದ ಮೇಜಿನ ಲೆಮ್ಯುಯೆಲ್ ಸ್ಯಾಂಡ್‌ವಿಚ್ ಅಗಿಯುತ್ತ ಬಗ್ಗಿ ನೋಡಿ, "ಇವರ ತಾತ ದುಡ್ಡು ಮಾಡಿದ್ದೇ ಕುರ್ಚಿ ಕಾರ್ಖಾನೇಲಿ. ಅದನ್ನೂ ಸೇರ್ಸು, ಕರಗಿ ನೀರಾಗ್ತಾರೆ," ಎಂದ. ಪುಟ ಹದಿನಾಲ್ಕಾಯಿತು.

ಮೂರು ಗಂಟೆಗೆ ಸಭೆ. ಮನೆಯವರೆಲ್ಲರೂ ಒಪ್ಪದೆ ಅಲ್ಲಿ ಯಾವ ತೀರ್ಮಾನವೂ ಆಗುವಂತಿಲ್ಲ. ಕಿಟಕಿಯ ಪರದೆಯ ಬಣ್ಣಕ್ಕೇ ಎರಡು ವರ್ಷ ಹಿಡಿದಿತ್ತು. ಇವತ್ತು ಹತ್ತು ನಿಮಿಷ ಸಾಕಾಯಿತು. ಎಂಬತ್ತೆರಡರ ಹಿರಿಯಳು ಮಿಸ್ ವಿನಿಫ್ರೆಡ್ ಅರ್ಜಿ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಎಷ್ಟು ದಿನದಿಂದ ಸಹಿಸ್ಕೊಂಡಿದ್ದೀಯಪ್ಪ ಓರ್ವಿಲ್?"

"ಆರು ವರ್ಷ, ಮಿಸ್ ವಿನಿಫ್ರೆಡ್. ಒಂದು ಸಾದಾ ಕುರ್ಚಿ ಕೊಡ್ಸಿದ್ರೆ..."

"ಸಾದಾ ಅಂತೆ! ಕೇಳಿದ್ರಾ ಇವನ ಮಾತು? ನಮ್ಮ ತಾತ ಕುರ್ಚಿ ಮಾಡೋರನ್ನ ದಿನಕ್ಕೆ ಹನ್ನೆರಡು ಗಂಟೆ ನಿಲ್ಲಿಸ್ತಿದ್ರು. ನಾವು ನೋಡಿದ್ರೆ ಮೆತ್ತಗೆ ಕೂತು ನ್ಯಾಯ ಮಾತಾಡ್ತಿದೀವಿ!"

ಆಕೆ ಎದ್ದು ನಿಂತಳು. ಅಣ್ಣನ ಮಗ ಎದ್ದ, ತಂಗಿಯ ಮಗಳು ಎದ್ದಳು. ನದೀನ್ ಚಪ್ಪಾಳೆ ತಟ್ಟಿದಳು. ಕಚೇರಿಯ ಕುರ್ಚಿಗಳೆಲ್ಲ ಇವತ್ತೇ ನಿರಾಶ್ರಿತರ ವಸತಿಗೆ ಹೋಗಬೇಕು, ನಾಳೆಯಿಂದ ಎಲ್ಲರೂ ನಿಂತೇ ಕೆಲಸ ಮಾಡಬೇಕು ಎಂದು ತೀರ್ಮಾನವಾಯಿತು. ಒಬ್ಬರೂ ಬೇಡವೆನ್ನಲಿಲ್ಲ. ಓರ್ವಿಲ್‌ನನ್ನು ಯಾರೂ ಕೇಳಲಿಲ್ಲ.

"ನಂದೂ ಹೋಗತ್ತಾ?" ಎಂದ ಸಣ್ಣ ದನಿಯಲ್ಲಿ.

"ಛೆ ಛೆ, ನಿಂದನ್ನ ಕೊಡೋದುಂಟಾ!" ಎಂದಳು ಹಿರಿಯಳು. " ಅದು ಇಲ್ಲೇ ಇರತ್ತೆ."

ಓರ್ವಿಲ್‌ಗೆ ಹೋದ ಜೀವ ಬಂತು. "ಹಾಗಾದ್ರೆ ಸಂಜೆಗೇ ಒಂದು ಮೊಳೆ ಹೊಡ್ಕೋತೀನಿ."

"ಮುಟ್ಟಬೇಡ!" ಮಿಸ್ ವಿನಿಫ್ರೆಡ್ ಕೂಗಿದಳು. "ಆ ಮುರಿದ ಕಾಲೇ ನಮ್ಮ ತಪ್ಪಿಗೆ ಸಾಕ್ಷಿ. ಬಾಗಿಲ ಹತ್ರ ಇಡಿಸ್ತೀನಿ, ಬಂದೋರೆಲ್ಲ ನೋಡ್ಲಿ."

ಐದು ಗಂಟೆಗೆ ಲಾರಿ ಬಂದು ಕುರ್ಚಿಗಳನ್ನು ಹೇರಿಕೊಂಡು ಹೋಯಿತು. ಓರ್ವಿಲ್ ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯಲ್ಲಿ, ನಿಂತುಕೊಂಡೇ, ತನ್ನ ಕುರ್ಚಿಗೆ ತಗುಲಿಸಬೇಕಾದ ಫಲಕವನ್ನು ದೊಡ್ಡ ಅಕ್ಷರದಲ್ಲಿ ಟೈಪು ಮಾಡಿದ: "ದಯವಿಟ್ಟು ಯಾರೂ ಕೂರಬಾರದು."