ಆಬಾರ ಗಾಡಿಗೆ ಹೊಸ ಮುಖ

ಗಾಡಿಯ ಡೆಂಟಿಂಗ್ ಕೆಲಸ ಮಾಡುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ, ಅವು ನಡೆಯುತ್ತಲೇ ಇರುತ್ತವೆ. ತೊಂದರೆ ಏನೆಂದರೆ, ಗಾಡಿಗೆ ಗುದ್ದು ಬಿದ್ದ ಮೇಲೆಯೇ ಜನ ನನ್ನ ಹತ್ತಿರ ಬರುವುದು. ಎದುರಿಗೆ ನಗುವ ಹಾಗಿಲ್ಲ, ಅವರು ಹೋದ ಮೇಲೆ ನಗಬೇಕು. ನಮ್ಮಪ್ಪ ಮಗ್ಗದ ಕೆಲಸಕ್ಕೆಂದು ಗಡಿಯಾಚೆಯ ಇಚಲಕರಂಜಿಗೆ ಬಂದವರು. ನಾನು ಮಗ್ಗದ ಸದ್ದಿಗೆ ಬೇಸತ್ತು ಸುತ್ತಿಗೆ ಹಿಡಿದೆ, ಕಿವಿಗೆ ಅದರಿಂದ ಏನೂ ಲಾಭವಾಗಲಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಗಾಡಿಯ ವಿಷಯದಲ್ಲಿ ಮಾತ್ರ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ. ಆ ಗಾಡಿಯದೇ ಕತೆ ಇದು.

ಮುಂದೆ ಮದುಮಗ

ನಮ್ಮ ಓಣಿಯ ತುದಿಯಲ್ಲಿ ನೂಲಿನ ವ್ಯಾಪಾರ ಮಾಡುವ ಜೈನರ ಮನೆಯಿದೆ. ಹಿರಿಯರನ್ನು ಓಣಿಗೆ ಓಣಿಯೇ ಆಬಾ ಎನ್ನುತ್ತದೆ. ಅವರದೊಂದು ಬಿಳಿ ಅಂಬಾಸಿಡರ್. ದಾನೋಳಿಯ ಹೊಲಕ್ಕೂ ಅದೇ, ಬೀಗರ ಮನೆಗೂ ಅದೇ, ಬಸದಿಗೂ ಅದೇ. ಆಬಾರಿಗೆ ವಯಸ್ಸಾಗುತ್ತ ಮರೆವಿನ ರೋಗ ಹತ್ತಿತು. ಮೊದಲು ಅಂಗಡಿಯ ಕೀಲಿ ಮರೆತರು, ಆಮೇಲೆ ಬೀಗರ ಹೆಸರು, ಕಡೆಗೆ ಹೆತ್ತ ಮಗನನ್ನೇ ಮರೆತರು. ಗಾಡಿಯನ್ನು ಮಾತ್ರ ಮರೆಯಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಒರೆಸುತ್ತ ಅದರ ಜೊತೆ ಮಾತಾಡುತ್ತಿದ್ದರು.

ಮಗ ನನ್ನ ಓರಗೆಯವ, ಇಬ್ಬರೂ ಕೂಡಿ ಶಾಲೆ ಕಲಿತವರು. ಒಂದು ದಿನ ಗ್ಯಾರೇಜಿಗೆ ಬಂದು, "ಮಿಸ್ತ್ರಿ, ಅಪ್ಪನ ಗಾಡಿಗೆ ದೊಡ್ಡ ಗಾಡಿ ಮಾರಿ ಕೂಡಸ್ಬೇಕಪಾ" ಅಂದ. ಮಾರಿ ಎಂದರೆ ಮುಖ, ಗಾಡಿಯ ಮುಂಭಾಗ.

"ಯಾಕ, ಇದ್ದ ಮಾರಿಗೆ ಏನಾಗೇತಿ?"

"ಲಗ್ನಕ್ಕ ಹೋದಾಗೆಲ್ಲಾ ಅಂಥಾ ಗಾಡಿ ಮುಂದ ನಿಂತು, ಒಮ್ಮೆರ ಇಂಥಾದ್ರಾಗ ಅಡ್ಡ್ಯಾಡಬೇಕು ಅಂತಿದ್ರು. ಹೊಸಾದು ತಂದ್ರ ಹತ್ತಂಗಿಲ್ಲ, ನಂದ ಗಾಡಿ ಬೇಕು ಅಂತಾರ. ಅದಕ ಎರಡೂ ಕೂಡಿಸಿ ಕೊಡೂಣು. ಅವರಿಗೆ ಇನ್ನೂ ಸ್ವಲ್ಪ ತಿಳೀತೇತಿ ಅನ್ನೂದ್ರಾಗ ಖುಷಿ ಪಡ್ಲಿ."

ನಾನು ಹೂಂ ಎಂದೆ. ಸರಕಾರದ ಒಪ್ಪಿಗೆಯ ಕಾಗದಪತ್ರ ತಾನು ನೋಡಿಕೊಳ್ಳುತ್ತೇನೆ ಎಂದ. ಇಬ್ಬರೂ ಕೊಲ್ಹಾಪುರದ ಭಂಗಾರದವನ, ಅಂದರೆ ಗುಜರಿಯವನ, ಹತ್ತಿರ ಹೋದೆವು. ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ ಗುದ್ದಿದ ಜರ್ಮನ್ ಗಾಡಿಯೊಂದು ಅಲ್ಲಿತ್ತು. "ಹಿಂದಷ್ಟ ಹೋಗೇತ್ರಿ, ಮಾರಿಗೆ ಒಂದು ಗೀರಿಲ್ಲ" ಎಂದು ಅವನು ಸಂಬಂಧ ಕುದುರಿಸುವವನ ಹಾಗೆ ತೋರಿಸಿದ. ಆಮೇಲೆ ನಾನು ಬಿಚ್ಚಿದ ಅಂಬಾಸಿಡರಿನ ಹಳೆಯ ಮುಖವನ್ನೂ ಅವನೇ ಒಯ್ದ.

ಹೊಸ ಮುಖ ಹಳೆಯ ಮೈಗಿಂತ ಅಗಲ. ಕೊಯ್ದೆ, ಬಗ್ಗಿಸಿದೆ, ವೆಲ್ಡಿಂಗ್ ಹಚ್ಚಿದೆ, ಪುಟ್ಟಿ ಬಳಿದೆ. ಮುಂದಿನಿಂದ ನೋಡಿದರೆ ಮಂತ್ರಿಗಳ ಗಾಡಿ, ಬದಿಯಿಂದ ನೋಡಿದರೆ ಮೊಮ್ಮಗನ ಹೆಲ್ಮೆಟ್ ಹಾಕಿಕೊಂಡ ಅಜ್ಜ. ಪಕ್ಕದ ಮಗ್ಗದ ಕಾರಖಾನೆಯವರು ಬಂದು ಒಂದು ಸುತ್ತು ಹಾಕಿ, ತಲೆ ಕೆರೆದುಕೊಂಡರು.

"ಮಿಸ್ತ್ರಿ, ಮುಂದ ಮದುಮಗ, ಹಿಂದ ಮಾವ. ಮದುಮಗಳು ಎಲ್ಲಿ ಕೂಡಬೇಕ್ರಿ?"

ಬೀಗರು ಬಂದರು

ಗಾಡಿ ಒಪ್ಪಿಸುವ ದಿನ ಮನೆಯ ಮುಂದೆ ರಂಗೋಲಿ ಹಾಕಿದ್ದರು. ಸೊಸೆ ಬಾನೆಟ್ಟಿನ ಮೇಲೆ ಕುಂಕುಮದಿಂದ ಸ್ವಸ್ತಿಕ ಬರೆದರು, ನಾನು ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟೆ. ಓಣಿಯ ಮಂದಿ ಪೇಢೆ ತಿನ್ನುತ್ತ ನಿಂತರು. ಆಬಾರನ್ನು ಹೊರಗೆ ಕರೆತಂದಾಗ ಮಗ ಸ್ಟಿಯರಿಂಗ್ ಮುಂದೆ ಕೂತು ಹಾರ್ನ್ ಬಾರಿಸಿದ.

ಆಬಾ ಗಾಡಿಯ ಆ ಹೊಸ ಮುಖವನ್ನು ನೋಡಿದರು. ಟೊಪ್ಪಿಗೆ ಸರಿಮಾಡಿಕೊಂಡು ಎರಡೂ ಕೈ ಜೋಡಿಸಿದರು.

"ಬರ್ರಿ ಬರ್ರಿ, ಒಳಗ ಬರ್ರಿ. ಏ, ದೊಡ್ಡ ಮಂದಿ ಬಂದಾರ, ಚಾ ಇಡ್ರಿ!"

ಮಗ ಇಳಿದು ಬಂದು ತನ್ನ ಮನೆಯಲ್ಲೇ ಅತಿಥಿಯಾಗಿ ಚಹಾ ಕುಡಿದ. "ಅಪ್ಪಾ, ನಾ ನಿಮ್ಮ ಮಗಾ. ಅದು ನಿಮ್ಮದ ಗಾಡಿ" ಅಂದ.

"ಹೌದ್ರಿ? ಭಾಳ ಸಂತೋಷ" ಎಂದರು ಆಬಾ. "ನಮ್ಮ ಗಾಡಿ ಎಲ್ಲೋ ಹೋಗೇತಿ. ಬಂದ ಮ್ಯಾಲ ನಿಮ್ಮನ್ನ ಸ್ಟ್ಯಾಂಡಿಗೆ ಬಿಟ್ಟು ಬರ್ತೇನಿ."

ಸಂಜೆಯ ತನಕ ಕಟ್ಟೆಯ ಮೇಲೆ ಕೂತು ತಮ್ಮ ಗಾಡಿಯ ಹಾದಿ ನೋಡಿದರು. ಗಾಡಿ ಕಣ್ಣೆದುರಿಗೇ ನಿಂತಿತ್ತು. ಮಗನನ್ನು ಮರೆತ ಮನುಷ್ಯ ನನ್ನನ್ನು ಮರೆತಿರಲಿಲ್ಲ, ನಾನು ಗಾಡಿಯ ಕಡೆಯವನಲ್ಲವೇ? ನಾನು ಹೊರಟಾಗ ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು:

"ಮಿಸ್ತ್ರಿ, ಬೀಗರು ಗಾಡಿನ್ನ ಬಾಗಲಕ್ಕ ಅಡ್ಡ ಹಚ್ಯಾರ. ಹೇಳಾಕ ನನಗ ನಾಚಿಕಿ ಬರ್ತೇತಿ, ನೀವರ ಹೇಳ್ರಿ."

ಬೆನ್ನ ಮೇಲಿನ ಗುದ್ದು

ಆಬಾರನ್ನು ಆಗಾಗ ಕೊಲ್ಹಾಪುರದ ಡಾಕ್ಟರಿಗೆ ತೋರಿಸಬೇಕಿತ್ತು. ಈಗ ಅವರು ಗಾಡಿ ಹತ್ತಲು ಒಲ್ಲೆ ಎಂದರು. ಬೇರೆಯವರ ಗಾಡಿಯಲ್ಲಿ ಕೂಡುವ ರೂಢಿ ತಮಗಿಲ್ಲವಂತೆ. ಬಾಡಿಗೆ ಗಾಡಿ ತಂದರೂ ಅದೇ ಮಾತು. ಡಾಕ್ಟರ ಔಷಧ ತಪ್ಪಿತು, ಆಬಾ ಇನ್ನಷ್ಟು ಮಂಕಾದರು.

ಉಪಾಯ ಹೊಳೆದದ್ದು ಸೊಸೆಗೆ. "ಗಾಡಿ ಹಿಂದ ಹಿಂದ ತರ್ರಿ" ಎಂದರು. ಗಾಡಿಯ ಡಿಕ್ಕಿಯ ಮೇಲೆ ಒಂದು ಹಳೆಯ ಗುದ್ದು ಇತ್ತು. ದಾನೋಳಿಯಲ್ಲಿ ಯಾವುದೋ ಎತ್ತು ಹಾಯ್ದದ್ದು. ನಾನು ತೆಗೆಯುತ್ತೇನೆ ಎಂದಾಗಲೆಲ್ಲ ಆಬಾ, "ಇರ್ಲಿ ಬಿಡ್ರಿ, ತಪ್ಪು ಎತ್ತಿಂದು ಅನ್ನಾಕ ಸಾಕ್ಷಿ ಬೇಕಲ್ಲ" ಎಂದು ತಡೆಯುತ್ತಿದ್ದರು. ಮಗ ಓಣಿಯ ತುದಿಯಿಂದ ಗಾಡಿಯನ್ನು ರಿವರ್ಸ್ ತಂದ. ಆಬಾ ಎದ್ದು ಆ ಗುದ್ದಿನ ಮೇಲೆ ಅಂಗೈ ಇಟ್ಟು, "ಬಂದಿ ಏನವ್ವಾ?" ಎಂದರು. ಆಮೇಲೆ ಬಾಗಿಲು ತೆಗೆದು ತಾವಾಗಿಯೇ ಕೂತರು.

ಅಂದಿನಿಂದ ಆ ಗಾಡಿ ಮನೆಗೆ ಬರುವುದೇ ಬೆನ್ನು ಮುಂದು ಮಾಡಿಕೊಂಡು. ಏನೋ ಹರಕೆ ಇರಬೇಕು ಎಂದು ಓಣಿಯಲ್ಲಿ ಮಾತಾಯಿತು. ಒಬ್ಬರಂತೂ ಹೊಸ ಸ್ಕೂಟರ್ ಕೊಂಡವರು ಅದನ್ನು ಹಿಂದಕ್ಕೆ ತಳ್ಳಿಕೊಂಡೇ ಮನೆ ತುಂಬಿಸಿಕೊಂಡರು. ನಾನು ಗ್ಯಾರೇಜಿನಲ್ಲಿ ಇದನ್ನು ಹೇಳಿ ಹೊಟ್ಟೆ ಹಿಡಿದು ನಕ್ಕೆ. ಮಗ ನಗಲಿಲ್ಲ.

"ನನ್ನ ಬೆನ್ನಿಗೂ ಒಂದು ಗುದ್ದು ಹಾಕೋ ಮಿಸ್ತ್ರಿ" ಅಂದ. "ಗುರುತು ಹಿಡದರ ಹಿಡೀಲಿ."

ಕೊಲ್ಹಾಪುರದ ಸಲಾಮು

ಒಮ್ಮೆ ಡಾಕ್ಟರ ಕಡೆಗೆ ಹೊರಟಾಗ ನಾನೂ ಜೊತೆಗಿದ್ದೆ. ಕೊಲ್ಹಾಪುರದ ಒಂದು ಚೌಕದಲ್ಲಿ ನಿಂತಿದ್ದ ಪೊಲೀಸರೊಬ್ಬರು ದೂರದಿಂದ ನಮ್ಮ ಗಾಡಿಯ ಮುಖ ನೋಡಿದರು. ಉಳಿದ ಗಾಡಿಗಳನ್ನೆಲ್ಲ ತಡೆದು, ನಮಗೆ ದಾರಿ ಬಿಟ್ಟು, ಸೆಟೆದು ನಿಂತು ಸಲಾಮು ಹೊಡೆದರು. ಮುಖ ದಾಟಿತು, ಅದರ ಹಿಂದೆ ಅಂಬಾಸಿಡರ್ ಬಂತು. ಸಲಾಮಿನ ಕೈ ಕೆಳಗಿಳಿಯುವುದರೊಳಗೆ ಬಾಯಿಗೆ ಸೀಟಿ ಬಂದಿತ್ತು.

ಬದಿಗೆ ನಿಲ್ಲಿಸಿದೆವು. ಅವರು ಗಾಡಿಯನ್ನು ಸುತ್ತಿ ಬಂದು, "ಕಾಯ್ ಹೋ, ಹ್ಯಾ ದೋನ ಗಾಡ್ಯಾ ಆಹೇತ ಕಾ?" ಎಂದು ಮರಾಠಿಯಲ್ಲಿ ಕೇಳಿದರು, ಇವು ಎರಡು ಗಾಡಿಯೇ ಎಂದು. ಮಗ ಕಾಗದ ತೆಗೆಯುವಷ್ಟರಲ್ಲಿ ಆಬಾ ಕೆಳಗಿಳಿದು ಮುಂದಕ್ಕೆ ಬಂದಿದ್ದರು. ಮುಂದೆ ನೋಡಿದರೆ ಬೇರೆ ಯಾರದೋ ಗಾಡಿ. ಗಾಬರಿಯಾಗಿ ಪೊಲೀಸರ ತೋಳು ಹಿಡಿದರು.

"ಸಾಹೇಬ್ರ, ನನ್ನ ಗಾಡಿ ಕಳುವಾಗೇತ್ರಿ! ಈಗಷ್ಟ ಅದರಾಗ ಕೂತಿದ್ದೆ!"

ಪೊಲೀಸರಿಗೂ ಕನ್ನಡ ಬರುತ್ತಿತ್ತು. "ಯಾರ ಮ್ಯಾಲರ ಸಂಶಯ ಐತೇನ್ರಿ ಆಬಾ?"

ಆಬಾ ಮಗನ ಕಡೆ ಬೆರಳು ಮಾಡಿದರು. "ಇವ್ರ ಮ್ಯಾಲ ಐತ್ರಿ. ಮುಂಜಾನಿಂದ ನನ್ನ ಬೆನ್ನ ಹತ್ಯಾರ. ನಾ ನಿಮ್ಮ ಮಗಾ, ನಿಮ್ಮ ಮಗಾ ಅಂತಾರ."

ಪೊಲೀಸರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು, ಕಾಗದ ಕೇಳಲಿಲ್ಲ. ಆಬಾರ ಕೈ ಹಿಡಿದು ಗಾಡಿಯ ಹಿಂದಕ್ಕೆ ಕರೆದೊಯ್ದು, "ಸಾಪಡಲಿ ಬಘಾ, ಸಿಕ್ತು ನೋಡ್ರಿ ನಿಮ್ಮ ಗಾಡಿ" ಎಂದರು. ಆಬಾ ಗುದ್ದು ಸವರಿ ನೋಡಿ, ಆ ಪೊಲೀಸರ ತಲೆಯ ಮೇಲೆ ಕೈಯಿಟ್ಟು ಹರಸಿದರು. ಒಳಗೆ ಕೂತ ಮೇಲೆ ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಕಳ್ಳನ್ನ ಹೊಡೀಬ್ಯಾಡ್ರಿ ಸಾಹೇಬ್ರ. ಚೊಲೊ ಮನಿತನದಾಂವ ಕಾಣ್ತಾನ."

ಗಡಹಿಂಗ್ಲಜದ ಕಬ್ಬಿನ ಹಾಲು

ಮರುದಿನವೇ ಮಗ ಗ್ಯಾರೇಜಿಗೆ ಬಂದ. "ಹಳೇ ಮಾರಿ ತಿರುಗಿ ಹಚ್ಚು ಮಿಸ್ತ್ರಿ. ಅಪ್ಪಗ ಗುರುತು ಇದ್ದದ್ದು ಅದೊಂದ. ಅದನ್ನೂ ನಾನ ಕಿತ್ತು ಒಗದೆ" ಎಂದು ನನ್ನ ಸ್ಟೂಲಿನ ಮೇಲೆ ಕೂತು ಅತ್ತ. ನಾನು ಚಹಾ ತರಿಸಿದೆ, ಇಬ್ಬರೂ ಕುಡಿಯಲಿಲ್ಲ.

ಭಂಗಾರದವನನ್ನು ವಿಚಾರಿಸಿದರೆ, ಆ ಮುಖವನ್ನು ಗಡಹಿಂಗ್ಲಜದ ಒಬ್ಬ ಕಬ್ಬಿನ ಹಾಲಿನ ಅಂಗಡಿಯವ ಒಯ್ದನಂತೆ. ಸೊಸೆ ತವರಿಗೆ ಮುರಗೂಡಕ್ಕೆ ಹೋಗಿದ್ದರು, ಆಬಾರನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ. ಹಿಂದಿನಿಂದ ಗಾಡಿ ತೋರಿಸಿ ಹತ್ತಿಸಿಕೊಂಡು ಹೊರಟೆವು.

ಅಂಗಡಿ ಸಿಕ್ಕಿತು. ರಸ್ತೆಗೆ ಮುಖ ಮಾಡಿ ನಮ್ಮ ಅಂಬಾಸಿಡರಿನ ಬಾನೆಟ್ಟು, ಗಾಳಿ ಹೋಗುವ ಜಾಳಿ, ಎರಡು ದೀಪ. ಬಾನೆಟ್ಟಿನ ಮೇಲೆ ಗ್ಲಾಸುಗಳ ಸಾಲು. ಅದರ ಹಿಂದೆ ಕಬ್ಬು ಹಿಂಡುವ ಗಾಣ. ಮೋಟಾರು ಬಂದ ಮೇಲೂ ಗಾಣದ ದೊಡ್ಡ ಚಕ್ರವನ್ನು ಅಂಗಡಿಯವ ಅಂದಕ್ಕೆಂದು ಹಾಗೇ ಬಿಟ್ಟಿದ್ದ. ಮಗ ಅಂಗಡಿಯವನನ್ನು ಬದಿಗೆ ಕರೆದು ಎಲ್ಲ ಹೇಳಿದ. ಅವನು ಒಳ್ಳೆಯವನು. "ಒಯ್ರಿ ಅಣ್ಣಾ, ನನಗ ಒಂದು ಹಲಗಿ ಸಾಕು" ಎಂದು ಬೋಲ್ಟು ಬಿಚ್ಚುವ ಪಾನಾ ಹುಡುಕಲು ಒಳಗೆ ಹೋದ.

ಅಷ್ಟರಲ್ಲಿ ಆಬಾ ಇಳಿದಿದ್ದರು. ಜಾಳಿಯನ್ನು ಧೋತರದ ಚುಂಗಿನಿಂದ ಒರೆಸಿದರು. ಗ್ಲಾಸುಗಳನ್ನು ಒಂದೊಂದಾಗಿ ಕೆಳಗಿಟ್ಟು, ಬಾನೆಟ್ಟನ್ನು ತಟ್ಟಿ, ಸುತ್ತಿ ಹಿಂದಕ್ಕೆ ಹೋಗಿ ಅಂಗಡಿಯವನ ಸ್ಟೂಲಿನ ಮೇಲೆ ಕೂತರು. ಎರಡೂ ಕೈಯಿಂದ ಗಾಣದ ಚಕ್ರವನ್ನು ಸ್ಟಿಯರಿಂಗ್ ಹಿಡಿದ ಹಾಗೆ ಹಿಡಿದರು. ನಾನು ಓಡಿಹೋಗಿ ಮೋಟಾರು ಬಂದ್ ಮಾಡಿದೆ.

"ಮಿಸ್ತ್ರಿ, ನೀವು ಹಿಂದ ಕೂಡ್ರಿ" ಎಂದರು ಆಬಾ. ಹಿಂದಿನ ಬಾಕಿನ ಮೇಲೆ ಕಬ್ಬಿನ ಹಾಲು ಕುಡಿಯುತ್ತಿದ್ದ ಗಂಡ ಹೆಂಡತಿ ಸರಿದು ನನಗೆ ಜಾಗ ಕೊಟ್ಟರು. ಆಮೇಲೆ ಆಬಾ ರಸ್ತೆಯಲ್ಲಿ ನಿಂತ ಮಗನನ್ನು ನೋಡಿ ಗದರಿದರು.

"ಏ ತಮ್ಮಾ, ಅಲ್ಲೇನ ಬಾಯಿ ತಗದು ನಿಂತಿ? ಹತ್ತು! ನಿಮ್ಮವ್ವ ದಾನೋಳ್ಯಾಗ ಹಾದಿ ನೋಡಾಕತ್ತಿರ್ತಾಳ. ಕಾಲು ಝಾಡಿಸಿ ಹತ್ತು, ಮಣ್ಣು ತರಬ್ಯಾಡ."

ಅವನವ್ವ ತೀರಿಕೊಂಡು ವರುಷಗಳೇ ಆಗಿದ್ದವು. ತಲೆ ನರೆತ ಆ ಮಗ ನಡುರಸ್ತೆಯಲ್ಲಿ ಒಂದು ಕಾಲು ಝಾಡಿಸಿದ, ಇನ್ನೊಂದು ಕಾಲು ಝಾಡಿಸಿದ, ಬಂದು ಕಬ್ಬಿನ ಹೊರೆಯ ಮೇಲೆ ಅಪ್ಪನ ಪಕ್ಕಕ್ಕೆ ಕೂತ. ಆಬಾ ಚಕ್ರ ತಿರುಗಿಸುತ್ತ ಬಾಯಿಂದಲೇ ಹಾರ್ನ್ ಬಾರಿಸಿದರು. ಹೊಸ ಗಿರಾಕಿಯೊಬ್ಬ ಬಂದು, "ಎರಡು ಗ್ಲಾಸ್, ಬರ್ಫ ಕಮ್ಮಿ" ಎಂದ.

"ಮುಂದಿನ ಗಾಡಿಗೆ ಬರ್ರಿ" ಎಂದರು ಆಬಾ. "ಇದ್ರಾಗ ಮನಿ ಮಂದಿ ಅದೀವಿ."

ಬಾಕಿನ ಮೇಲಿದ್ದ ಹೆಂಗಸು ಸೆರಗು ಬಾಯಿಗಿಟ್ಟು ನಕ್ಕಳು, ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ. ಅಂಗಡಿಯವ ಪಾನಾ ಹಿಡಿದುಕೊಂಡು ಹೊರಗೆ ಬಂದ. "ಅಣ್ಣಾ, ಬಿಚ್ಚೂಣೇನ್ರಿ?" ಎಂದು ಮೆಲ್ಲಗೆ ಕೇಳಿದ.

ಮಗ ಅಪ್ಪನ ಭುಜಕ್ಕೆ ಭುಜ ತಾಗಿಸಿ ಕೂತಿದ್ದ. ಕಣ್ಣಿಂದ ನೀರು ಸುರಿಯುತ್ತಿತ್ತು. ತಿರುಗಿ ಕೂಡ ನೋಡದೆ ಹೇಳಿದ:

"ಸುಮ್ನಿರೋ ಮಾರಾಯಾ, ಓಡೂ ಗಾಡಿ ಯಾರರ ಬಿಚ್ತಾರೇನು?"