ಪಂಪಿಲ್ಲದ ಹೊಳೆಯೂ ನನ್ನ ಗೆಜ್ಜೆಯೂ

ಕುಳಿತಲ್ಲೇ ಯಜಮಾನಿಕೆ ಮಾಡುವವರಿಗೆ ಸಣ್ಣದೊಂದು ಗರ್ವವಿರುತ್ತದೆ. ನನಗೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಊರು ಬಿಟ್ಟು ಬಂದು ನೆರೂಳದಲ್ಲಿ ತೆರೆದ ನನ್ನ ಪುಟ್ಟ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಗಲ್ಲಾದಲ್ಲಿ ಕುಳಿತವನು ನಾನು. ಧಣಿಯಾದವನು ಗಲ್ಲಾ ಬಿಟ್ಟು ಏಳಬಾರದೆಂಬುದು ನಮ್ಮ ಉಡುಪಿ ಕಡೆಯ ಹೋಟೆಲಿನವರ ನೇಮ. ಚಟ್ನಿಗೆ ಉಪ್ಪು ಸಾಲದಿದ್ದರೂ ಕುಳಿತಲ್ಲಿಂದಲೇ ಕೂಗುತ್ತಿದ್ದೆ. ಇಲ್ಲಿನ ನಮ್ಮ ಕನ್ನಡ ಸಂಘದ ಯಕ್ಷಗಾನದಲ್ಲಿ ಈ ವರ್ಷ ನನಗೆ ಭೀಮನ ವೇಷ ಸಿಕ್ಕಿತು. ಅದರ ಮಾತುಗಳನ್ನೂ ಅಲ್ಲೇ ಕುಳಿತು ಬಾಯಿಪಾಠ ಮಾಡಿದೆ. ಕುಣಿತದ ಅಭ್ಯಾಸ ಆಮೇಲೆ ನೋಡೋಣ ಎಂದುಕೊಂಡೆ.

ಆಟಕ್ಕೆ ಹದಿನೈದು ದಿನವಿರುವಾಗ ಗೆಜ್ಜೆ ಕಟ್ಟಿ ನೋಡಿದರೆ ಪಟ್ಟಿ ಕಾಲು ಸುತ್ತಿ ಬರುತ್ತಲೇ ಇಲ್ಲ. ಕಾಲಿನ ಗಂಟೇ ಕಾಣೆ! ಬೆರಳೊತ್ತಿದರೆ ಇಡ್ಲಿ ಒತ್ತಿದ ಹಾಗೆ ಕುಳಿ ಬೀಳುತ್ತಿತ್ತು. ಕೆಟ್ಟದ್ದು ಹೃದಯವೋ, ಕಿಡ್ನಿಯೋ?

"ಭೀಮ ಮತ್ತೆ ಆಗುವಿರಂತೆ ಮಾರಾಯ್ರೆ, ಮೊದಲು ಡಾಕ್ಟರಲ್ಲಿಗೆ ಹೊರಡಿ" ಎಂದು ಹೆಂಡತಿ ಎಳೆದೊಯ್ದಳು.

ಡಾಕ್ಟರು ಧಾರವಾಡದ ಹೆಣ್ಣುಮಗಳು. ಎಲ್ಲ ಪರೀಕ್ಷೆ ಮಾಡಿಸಿ ನಕ್ಕರು. "ಹೃದಯ, ಕಿಡ್ನಿ ಎಲ್ಲಾ ಚಲೋ ಅದಾವ್ರಿ. ಕುಂತ ಕುಂತ ಕಾಲಾಗ ನೀರು ತುಂಬ್ಯದ." ರಕ್ತನಾಳಗಳಿಂದ ಒಸರಿದ ನೀರನ್ನು ಹೀರಿ, ದಾರಿಯ ಗ್ರಂಥಿಗಳಲ್ಲಿ ಸೋಸಿ, ಕುತ್ತಿಗೆಯ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುವ ದುಗ್ಧನಾಳಗಳು ಮೈತುಂಬ ಇವೆಯಂತೆ. "ಅದಕ್ಕ ಹೃದಯದಂಥಾ ಪಂಪ್ ಇಲ್ರಿ. ನಾಳ ತಾನೂ ಒಂಚೂರು ಹಿಂಡತದ, ಉಳಿದದ್ದು ನಿಮ್ಮ ಮೀನಖಂಡ, ನಿಮ್ಮ ಉಸಿರು. ನೀವು ನಡದ್ರ ಅದು ನಡೀತದ."

ನಾನು ಬೆಪ್ಪಾದೆ. ನಾವಿರುವ ಹೌಸಿಂಗ್ ಸೊಸೈಟಿಯಲ್ಲಿ ಪಂಪು ಕೆಟ್ಟರೆ ಎರಡನೇ ಮಾಳಿಗೆಗೂ ನೀರು ಹತ್ತುವುದಿಲ್ಲ. ಇಲ್ಲಿ ಹಿಮ್ಮಡಿಯಿಂದ ಕುತ್ತಿಗೆಯವರೆಗೆ ಒಂದು ಹೊಳೆ ಸದ್ದಿಲ್ಲದೆ ಮೇಲೇರುತ್ತದೆ, ಕೆಳಗೆ ಜಾರದಂತೆ ಒಳಗೆ ಪುಟ್ಟ ಪುಟ್ಟ ಕದಗಳಿವೆಯಂತೆ! ದೇವರೇ, ಇಷ್ಟು ವರ್ಷ ಇದು ನನ್ನೊಳಗೇ ಹತ್ತುತ್ತಿತ್ತೇ? ಬಸ್ಸಿನಲ್ಲಿ ಕುಳಿತು ನನ್ನ ಊದಿದ ಕಾಲಿಗೇ ಕೈಮುಗಿಯಬೇಕೆನಿಸಿತು. ಆಮೇಲೆ, ಕುಳಿತಿದ್ದೇನಲ್ಲ ಎಂದು ನೆನಪಾಗಿ ಎದ್ದು ನಿಂತು ಹಿಮ್ಮಡಿ ಎತ್ತಿ ಇಳಿಸತೊಡಗಿದೆ.

ಮರುದಿನ ನಮ್ಮ ಹಳೆಯ ಸಪ್ಲಾಯರ್ ಸಂಜೀವಣ್ಣನನ್ನು ಗಲ್ಲಾದಲ್ಲಿ ಕೂರಿಸಿ ನಾನು ತಟ್ಟೆ ಹಿಡಿದೆ. "ಕ್ಯಾ ಶೇಟ್, ವೇಟರ್ ಭಾಗ್ ಗಯಾ ಕ್ಯಾ?" ವೇಟರ್ ಓಡಿಹೋದನೇ ಎಂದು ಗಿರಾಕಿಗಳ ತಮಾಷೆ. ನಗಲಿ ಬಿಡಿ, ನನ್ನ ಹೊಳೆ ಹತ್ತುತ್ತಿತ್ತು. ಹನ್ನೆರಡನೇ ದಿನ ಹೋಟೆಲಿನ ಹಿಂದೆ ನಿಂತು ಗೆಜ್ಜೆ ಕಟ್ಟಿದೆ. ಪಟ್ಟಿ ಸುತ್ತಿ ಬಂತು! ಘಲ್ ಘಲ್ ಎಂದು ಓಡಿಬಂದು ಸಂಜೀವಣ್ಣನಿಗೆ ಕಾಲು ತೋರಿಸಿದೆ.

ಅವನು ಕುಳಿತಲ್ಲಿಂದ ಕದಲದೆ ನನ್ನದೇ ದನಿಯಲ್ಲಿ ಕೂಗಿದ: "ಕುಣಿದದ್ದು ಸಾಕು ಧಣಿ, ಆರನೇ ಟೇಬಲಿಗೆ ಸಾಂಬಾರು!"

ಸಾಂಬಾರಿನ ಬಕೆಟ್ ಹಿಡಿದು ಹೊರಟೆ, ಗೆಜ್ಜೆ ಬಿಚ್ಚುವುದೂ ಮರೆತು.